ಕಂಬಳಿಯಲ್ಲಿ ಸುತ್ತಿಟ್ಟ ಡಿಸ್ಕ್

ನನ್ನ ಗಂಡನ ಹೆಸರು ಬಸವಂತ. ಬದುಕಿದ್ದಾಗ ಆ ಹೆಸರನ್ನು ನಾನು ಬಾಯಿಂದ ತೆಗೆದವಳಲ್ಲ. ಸತ್ತು ಎರಡು ವರ್ಷವಾಯಿತು, ಈಗ ಬರೆಯುತ್ತೇನೆ. ಊರವರು ಅವರ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾರೆ. ಸತ್ತವರ ಬಗ್ಗೆ ಎಲ್ಲರೂ ಹಾಗೆಯೇ. ಇಪ್ಪತ್ತು ವರ್ಷ ಜೊತೆಗಿದ್ದವಳು ನಾನು. ಅವರ ಡಬ್ಬಿಯನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು.

ಡಬ್ಬಿ ಎಂದರೆ ಕಂಪ್ಯೂಟರ್. ಅವರು ಅದನ್ನು ಸರ್ವರ್ ಎನ್ನುತ್ತಿದ್ದರು.

ನಮ್ಮದು ಉಗಾರ ಬುದ್ರುಕ, ಕೃಷ್ಣಾ ಹೊಳೆಯ ದಂಡೆ. ಅವರು ಏತ ನೀರಾವರಿ ಸಂಘದ ಪಂಪ್ ಹೌಸಿನಲ್ಲಿ ಆಪರೇಟರ್ ಆಗಿದ್ದರು. ಅವರ ಅಪ್ಪ, ಅಜ್ಜ ಕುರಿ ಕಾದವರು. ಇವರು ಮೋಟಾರು ಕಾದರು. ಚಿಕ್ಕೋಡಿಯಲ್ಲಿ ಐಟಿಐ ಮುಗಿಸಿದ್ದರು. 2008ರಲ್ಲಿ ಚಿಕ್ಕೋಡಿಯ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚಿತು. ಅಲ್ಲಿಂದ ಒಂದು ಹಳೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಮಗಳು ಕೋಮಲ ಹುಟ್ಟಿದಾಗ ಅವಳನ್ನೂ ಹಾಗೆ ಎತ್ತಿಕೊಂಡು ಬಂದಿರಲಿಲ್ಲ.

ಪಡಸಾಲೆಯ ಮೂಲೆಯಲ್ಲಿ, ನನ್ನ ಜೋಳದ ಚೀಲಗಳ ಪಕ್ಕ ಅದನ್ನಿಟ್ಟರು. ಒಂದು ಬದಿಯ ತಗಡು ತೆಗೆದೇ ಇರುತ್ತಿತ್ತು. ಬಿಸಿಯಾಗುತ್ತದೆ ಎಂದು. ಹಾಗೆ ತೆರೆದಿಟ್ಟರೆ ಏನಾಗುತ್ತದೆ? ಹಲ್ಲಿ ತತ್ತಿ ಇಟ್ಟಿತು. ಕೆಂಪು ಇರುವೆ ಮನೆ ಮಾಡಿತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಚಿಮಣಿಯಿಂದ ಹಾರಿ ಬರುವ ಕರಿ ಮಸಿ ಒಳಗೆ ಹೋಗಿ ಫ್ಯಾನಿಗೆ ಅಂಟಿ ಜಿಡ್ಡಾಯಿತು. ಅದು ಸುಟ್ಟ ಕೂದಲಿನ ವಾಸನೆ ಹೊಡೆಯುತ್ತಿತ್ತು. ಕರೆಂಟು ಹೋದರೆ ನಿಲ್ಲಬಾರದೆಂದು ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ತಂದು ಪಕ್ಕದಲ್ಲಿಟ್ಟರು. ಅದರ ಆ್ಯಸಿಡ್ ಸೋರಿ ನೆಲದ ಫರಸಿ ಬೆಳ್ಳಗೆ ಸುಟ್ಟುಹೋಯಿತು. ಆ ಕಲೆ ಈಗಲೂ ಇದೆ.

"ಇದು ಏನ ಮಾಡ್ತೈತ್ರಿ?" ಎಂದು ಮೊದಲ ದಿನವೇ ಕೇಳಿದ್ದೆ.

"ಇದು ಹಗೇವು ಇದ್ದಂಗ, ದುಂಡಿ. ಇದರಾಗ ಇಟ್ಟದ್ದನ್ನ ಮನ್ಯಾಗಿನ ಯಾವ ಕಂಪ್ಯೂಟರಿನಿಂದನೂ, ಯಾವ ಫೋನಿನಿಂದನೂ ತಕ್ಕೋಬೌದು."

"ಹಗೇವಿನ್ಯಾಗ ಜ್ವಾಳ ಇರ್ತಾವು. ಇದರಾಗ ಏನೈತಿ?"

"ಇನ್ನೂ ಏನೂ ಇಲ್ಲ."

"ಮತ್ತ ಮನ್ಯಾಗ ಇರೂದು ಒಂದ ಕಂಪ್ಯೂಟರ್, ಒಂದ ಫೋನು."

ಅವರು ನಕ್ಕರು. ನನ್ನ ಮಾತಿಗೆ ಅವರು ಯಾವಾಗಲೂ ನಗುತ್ತಿದ್ದರು. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ಆ ಡಬ್ಬಿಯೊಳಗೆ ನನಗೆ ಬೇಕಾದದ್ದು ಒಂದೇ ಒಂದು ಬಂತು. ಅದನ್ನು ಹೇಳುತ್ತೇನೆ, ಯಾಕೆಂದರೆ ಎಲ್ಲ ಆದದ್ದು ಅದರಿಂದಲೇ.

ನನ್ನ ಅವ್ವ ಹೊಳೆವ್ವ ಮಂಗಸೂಳಿಯವಳು. ಬೀಸುವ ಪದ ಹಾಡುತ್ತಿದ್ದಳು. ಲಗ್ನದ ಮನೆಯಲ್ಲಿ ಅರಿಷಿಣ ಬೀಸಲು ಕಲ್ಲಿಗೆ ಕುಳಿತರೆ ಮೊದಲ ಪದ ಅವಳದು. ಕಾಗವಾಡ, ಅಥಣಿ, ಕುಡಚಿ ಕಡೆಯ ಮಂದಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. 2009ರಲ್ಲಿ ನಮ್ಮ ಮನೆಗೆ ಬಂದಾಗ ನನ್ನ ಗಂಡ ಮೊಬೈಲನ್ನು ಅವಳ ಮುಂದೆ ಒಂದು ಸೇರಿನ ಮೇಲಿಟ್ಟು ಹಾಡಿಸಿದರು. ಏಳು ನಿಮಿಷ. ಪದ ಮುಗಿದ ಮೇಲೆ ಅವ್ವ ಉಸಿರು ಬಿಟ್ಟು, "ಸಾಕೇನ್ರಿ ಅಳ್ಯಾರ? ಚಾ ಸಿಗ್ತೈತೊ ಇಲ್ಲೊ?" ಎನ್ನುತ್ತಾಳೆ. ಅಲ್ಲಿಗೆ ಅದು ಮುಗಿಯುತ್ತದೆ.

ಮರುವರ್ಷ ಅವ್ವ ಹೋದಳು. ಫೋಟೊ ಕೂಡ ಸರಿಯಾದದ್ದು ಇರಲಿಲ್ಲ. ಆ ಏಳು ನಿಮಿಷ ಡಬ್ಬಿಯೊಳಗೆ ಮಾತ್ರ ಇತ್ತು, ಮೊಬೈಲಿನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿದ್ದರು. ಅಡುಗೆ ಮುಗಿದ ಮೇಲೆ ನಾನು ಅಲ್ಲಿ ಹೋಗಿ ಕುಳಿತು, ಅವರು ತೋರಿಸಿಕೊಟ್ಟ ಗುಂಡಿ ಒತ್ತಿ ಕೇಳುತ್ತಿದ್ದೆ. ಪದಕ್ಕಿಂತ ಕಡೆಯ ಆ ಮಾತಿಗಾಗಿ ಕೇಳುತ್ತಿದ್ದೆ. ಚಹಾದ ಮಾತಿಗಾಗಿ. ಆಗ ಮಾತ್ರ ಆ ಮೂಲೆಯ ವಾಸನೆ ನನಗೆ ಬರುತ್ತಿರಲಿಲ್ಲ.

2011ರ ದಸರೆಯ ಹೊತ್ತಿಗೆ ಅವರು ಸಾಫ್ಟವೇರ್ ಬದಲಿ ಮಾಡಬೇಕೆಂದರು. ಇದ್ದದ್ದಕ್ಕೆ ಏನಾಗಿತ್ತೆಂದು ಕೇಳಿದರೆ ಏನೂ ಆಗಿರಲಿಲ್ಲ. ಅದು ಹಳೆಯದಂತೆ. ಕುಡಚಿ ಸ್ಟೇಷನ್ ಹತ್ತಿರ ಬಾಳಾಸಾಬನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇಬ್ಬರೂ ಸ್ನೇಹಿತರು. ಅವನು ಇಂಟರ್ನೆಟ್ಟಿನಿಂದ ಇಳಿಸಿ ಸಿಡಿ ಮಾಡಿ ಕೊಡುತ್ತಿದ್ದ. ಇಬ್ಬರೂ ಕುಳಿತು ಯಾವುದು ಒಳ್ಳೆಯದು ಎಂದು ಮಾತಾಡುವುದನ್ನು ಕೇಳಿದರೆ ಹೆಣ್ಣು ನೋಡಲು ಹೊರಟವರ ಮಾತಿನ ಹಾಗೆ ಇರುತ್ತಿತ್ತು. ಇದು ಸಾಧು, ಅದು ಬಲು ತಿನ್ನುತ್ತದೆ, ಇನ್ನೊಂದು ಹೇಳಿದ ಮಾತು ಕೇಳುವುದಿಲ್ಲ.

ನನ್ನ ಗಂಡನಿಗೆ ಮೂರು ಮಾತು ಮುಖ್ಯ. ಅದು ಪುಕ್ಕಟೆ ಇರಬೇಕು. ಕರೆಂಟು ಹೋಗಿ ಬಂದರೆ ಯಾರೂ ಮುಟ್ಟದೆ ತಾನೇ ಏಳಬೇಕು. ಮೂರನೆಯದು, ದುಂಡವ್ವ ಒಂದೇ ಗುಂಡಿ ಒತ್ತಿದರೆ ಅವಳ ಅವ್ವನ ಪದ ಬರಬೇಕು. ಈ ಮೂರನೆಯದಕ್ಕಾಗಿ ನನ್ನನ್ನು ಕರೆದು ಕರೆದು ಒತ್ತಿಸುತ್ತಿದ್ದರು. ಕೈ ತುಂಬ ಹಿಟ್ಟಿದ್ದರೂ ಬಿಡುತ್ತಿರಲಿಲ್ಲ.

ಹಳೆಯದನ್ನು ಅಳಿಸುವ ಮುಂಚೆ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ತುಂಬಿದರು. ಡಿಸ್ಕ್ ಅಂದರೆ ಅಂಗೈ ಅಗಲದ, ಸುಣ್ಣದ ಡಬ್ಬಿಯಂಥ ಕಬ್ಬಿಣದ ಗಟ್ಟಿ. ಅದನ್ನು ಒಂದು ಕರಿ ಕಂಬಳಿಯ ಮಡಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ಹಾಸಿಗೆಗಳ ಜೊತೆ ಇಟ್ಟರು. ನಾವು ಕುರುಬರು. ಹುಟ್ಟಿದ ಕೂಸನ್ನು ಕಂಬಳಿಯಲ್ಲಿ ಸುತ್ತುತ್ತೇವೆ, ಮಳೆಗೆ ಸಿಕ್ಕ ಮರಿಯನ್ನು ಸುತ್ತುತ್ತೇವೆ, ದೇವರ ಬೆಳ್ಳಿಯನ್ನೂ ಅದರಲ್ಲೇ ಸುತ್ತಿಡುತ್ತೇವೆ. ಅವರಿಗೆ ಬೇರೆ ಏನೂ ಹೊಳೆಯಲಿಲ್ಲ.

"ದುಂಡಿ, ಕಂಬಳ್ಯಾಗ ಡಿಸ್ಕ ಇಟ್ಟೀನಿ. ಎರಡ ದಿನ ಮುಟ್ಟಬ್ಯಾಡ," ಎಂದು ಹೇಳಿದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಹೂಂ ಎಂದೆ. ಅವರು ಹೇಳಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಲಾರೆ. ಹೇಳಿದ್ದರು.

ನಮ್ಮ ಕಡೆ ದಸರೆಗೆ ದೇವಿಯ ಘಟ್ಟ ಕೂರಿಸುವ ಮುಂಚೆ ಮನೆಯೊಳಗಿನ ಬಟ್ಟೆ ಎಂಬುದೆಲ್ಲ ಹೊಳೆಗೆ ಹೋಗುತ್ತದೆ. ಕೌದಿ, ಜಮಖಾನೆ, ಕಂಬಳಿ, ಬಾಗಿಲ ಪರದೆ. ಒಂದು ಚಿಂದಿ ಒಗೆಯದೆ ಉಳಿದರೂ ಮೈಲಿಗೆ. ಅವರ ಮಾತು ಮರೆತು ಮರುದಿನವೇ ನಾನೂ ನನ್ನ ಮೈದುನನ ಹೆಂಡತಿ ಸುಗಂಧಾಳೂ ಎಲ್ಲವನ್ನೂ ಅಟ್ಟದಿಂದ ಕೆಳಗೆ ಎಳೆದೆವು. ಕಂಬಳಿಗಳನ್ನು ಮಡಿಕೆ ಬಿಚ್ಚದೆ ಹಂಡೆಯಲ್ಲಿ ಸೋಡಾ ಹಾಕಿ ನೆನೆಯಿಟ್ಟೆವು. ಆಮೇಲೆ ಗಾಡಿಯಲ್ಲಿ ಹೇರಿ ಹೊಳೆಗೆ ಒಯ್ದೆವು. ಗಂಡ ಪಂಪ್ ಹೌಸಿನಲ್ಲಿದ್ದರು. ಹೊಳೆಯ ದಂಡೆಯಿಂದ ಅದರ ತಗಡು ಕಾಣುತ್ತದೆ.

ನೆನೆದ ಕಂಬಳಿ ಭಾರ. ಅದನ್ನು ಬಿಚ್ಚಿ ನೋಡುವುದಿಲ್ಲ, ಮಡಿಕೆಯಲ್ಲೇ ಎತ್ತಿ ಕಲ್ಲಿಗೆ ಹಾಕುತ್ತೇವೆ. ನಾನು ಎತ್ತಿ ಬಡಿದೆ. ಠಣ್ ಎಂದಿತು. ಕಲ್ಲು ಒಡೆಯಿತೇನೋ ಎಂದುಕೊಂಡು ಇನ್ನೊಮ್ಮೆ ಬಡಿದೆ. ಮತ್ತೆ ಠಣ್ ಎಂದಿತು.

"ಅಕ್ಕಾ, ಕಂಬಳ್ಯಾಗ ಏನ ಗಂಟ ಇಟ್ಟೀ ಬೇ? ಭಾವಗ ಕಾಣದಂಗ ಬಂಗಾರ ಮಾಡಿಸೀಯೇನ?" ಎಂದು ಸುಗಂಧಾ ನಕ್ಕಳು.

ಬಿಚ್ಚಿದೆ. ಡಿಸ್ಕು ನೀರಿಗೆ ಬಿತ್ತು. ಮೊಣಕಾಲು ನೀರಲ್ಲಿ ಕೈಯಾಡಿಸಿ ತೆಗೆದೆ. ಮೂಲೆ ತಗ್ಗಾಗಿತ್ತು. ಸಂದಿಯಿಂದ ಸೋಡಾದ ನೊರೆ ಬರುತ್ತಿತ್ತು.

"ಯಾರಿಗೂ ಹೇಳಬ್ಯಾಡ," ಎಂದೆ.

"ಬಿಸಲಿಗೆ ಇಟ್ಟರ ಒಣಗ್ತೈತಿ ಬಿಡ ಅಕ್ಕಾ. ಕಬ್ಬಣ ಅಲ್ಲಾ ಅದು."

ಕಲ್ಲಿನ ಮೇಲೆ ಒಣಗಿಸಿದೆವು. ಸೀರೆಯ ಸೆರಗಿನಿಂದ ಒರೆಸಿದೆ. ಸಂಜೆ ಒಣಗಿದ ಕಂಬಳಿಯಲ್ಲಿ ಮೊದಲಿನ ಹಾಗೆಯೇ ಸುತ್ತಿ ಅಟ್ಟದ ಮೇಲಿಟ್ಟೆ. ಅವರು ಬಂದರು, ಚಹಾ ಕುಡಿದರು, ಗಂಟು ಇಳಿಸಿಕೊಂಡರು. ಹಿಂದಿನ ರಾತ್ರಿಯೇ ಡಬ್ಬಿಯೊಳಗಿನ ಹಳೆಯದನ್ನು ಅಳಿಸಿ ಹೊಸ ಸಾಫ್ಟವೇರ್ ಹಾಕಿಯಾಗಿತ್ತು. ಡಿಸ್ಕು ಜೋಡಿಸಿದರು. ಟಕ್, ಟಕ್, ಟಕ್ ಎಂದಿತು. ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ ಕುಳಿತಿದ್ದೆ. ಅವರು ವೈರು ಬಿಚ್ಚಿ ಮತ್ತೆ ಜೋಡಿಸುವ ಸಪ್ಪಳ ಕೇಳುತ್ತಿತ್ತು.

ಆಮೇಲೆ ಅಂದರು, "ಈ ಸಾಫ್ಟವೇರ್ ಸರಿ ಇಲ್ಲ ದುಂಡಿ. ಡಿಸ್ಕ ಓದವಲ್ದು. ಬ್ಯಾರೇದು ನೋಡ್ತೀನಿ."

ನಾನು ಬದುಕಿಕೊಂಡೆ. ಆಗ ನನಗೆ ಆದದ್ದು ಸಮಾಧಾನ. ಹೇಸಿಗೆ ಆಮೇಲೆ ಬಂತು.

ಅಲ್ಲಿಂದ ಐದು ವರ್ಷ ಅವರು ಸಾಫ್ಟವೇರ್ ಬದಲಿಸಿದರು. ಒಂದರ ಗುರುತು ಬಿಳಿ ಹೊಟ್ಟೆಯ ಹಕ್ಕಿ. ಒಂದರದು ಸುರುಳಿ. ಹಾಕುವುದು, ಟಕ್ ಟಕ್ ಕೇಳುವುದು, ತೆಗೆಯುವುದು. ಕಳೆದದ್ದನ್ನು ಹುಡುಕುವ ಸಾಫ್ಟವೇರ್ ಬೇರೆಯೇ ಇರುತ್ತದಂತೆ, ಅದನ್ನೂ ನಾಲ್ಕು ತರಹದ್ದು ತಂದರು. ಒಂದು ಸಲ ಡಬ್ಬಿಯ ಹಳೆಯ ಡಿಸ್ಕಿನಿಂದ ಕೆಲವು ಫೋಟೊ ಮರಳಿ ಬಂದವು. ಕೋಮಲಳ ಅರ್ಧ ಮುಖ, ಅದರ ಕೆಳಗೆ ಬೂದಿ ಬಣ್ಣ. ನನ್ನ ಒಂದು ಕೈ ಮಾತ್ರ. ಅವನ್ನು ನೋಡಲಾರದೆ ನಾನು ಎದ್ದು ಒಳಗೆ ಹೋದೆ. ಅವ್ವನ ದನಿ ಬರಲಿಲ್ಲ.

ಒಂದು ನೋಟ್‌ಬುಕ್ ಇಟ್ಟಿದ್ದರು. ಪಂಪ್ ಹೌಸಿನಲ್ಲಿ ಮೋಟಾರು ನಿಂತರೆ ಒಂದು ಸಲಕ್ಕೆ ಒಂದೇ ಫ್ಯೂಸ್ ತೆಗೆದು ನೋಡಬೇಕು, ಎರಡು ತೆಗೆದರೆ ತಪ್ಪು ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ ಎಂದು ಹೇಳುತ್ತಿದ್ದರು. ಡಬ್ಬಿಗೂ ಅದೇ ಪದ್ಧತಿ. ಒಂದು ಬದಲಿಸುವುದು, ಬರೆಯುವುದು. ಏನಾಯಿತೆಂದು ಬರೆಯುವುದು.

ಓಣಿಯ ಮಂದಿಗೆ ಆಟವಾಯಿತು. ಎದುರು ಮನೆಯ ಲಗಮಣ್ಣ ದಿನವೂ ಕಟ್ಟೆಗೆ ಬಂದು ಕೂರುತ್ತಿದ್ದ.

"ಬಸವಂತಾ, ಇವತ್ತ ಯಾವ ಸಾಫ್ಟವೇರ್ ಲೇ? ನಿನ್ನಿದು ಸತ್ತತೇನ?"

"ಸತ್ತಿಲ್ಲ ಮಾವಾ. ಓಡಿ ಹೋತು."

"ನಿನ್ನ ಹೇಂತಿ ಒಬ್ಬಾಕಿ ಓಡಿ ಹೋಗಿಲ್ಲ ನೋಡು. ಆಕೀನ್ನ ಬದಲಿ ಮಾಡಬ್ಯಾಡ."

ಅವನ ಜೊತೆ ನಾನೂ ಸೇರುತ್ತಿದ್ದೆ. ಮಂದಿಯ ಮುಂದೆಯೇ, "ಇವರ ಸಾಫ್ಟವೇರ್ ನಮ್ಮ ಅವ್ವನ್ನ ನುಂಗಿತು," ಎನ್ನುತ್ತಿದ್ದೆ. ಎಷ್ಟು ಸಲ ಅಂದೆನೋ. ಅವರು ತಲೆ ತಗ್ಗಿಸಿ, "ಹೌದು, ನಂದ ತಪ್ಪು. ಆರಿಸೂದ್ರಾಗ ತಪ್ಪಿದೆ," ಎನ್ನುತ್ತಿದ್ದರು. ಒಳಗೆ ಬಂದು ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ, ಹೊಳೆಯಲ್ಲಿ ಕಂಬಳಿಯನ್ನು ಕಲ್ಲಿಗೆ ಬಡಿದಂತೆ ಬಡಿಯುತ್ತಿತ್ತು.

2013ರ ಮೇಲೆ ಅವರಿಗೆ ಇನ್ನೊಂದು ಹುಚ್ಚು ಹತ್ತಿತು. ಮಂದಿಯ ಲಗ್ನದ ಸಿಡಿ ತರುವುದು. ಗೀರು ಬಿದ್ದ, ಬೂಸಲು ಹಿಡಿದ, ಎಣ್ಣೆ ಕೈ ತಾಗಿದ ಸಿಡಿ. "ನಿಮ್ಮ ಸಿಡಿ ಕೆಡೂ ಮೊದಲ ಕೊಡ್ರಿ, ನನ್ನ ಸರ್ವರಿನ್ಯಾಗ ಇಡ್ತೀನಿ, ಫೋನಿನ್ಯಾಗ ನೋಡ್ರಿ," ಎಂದು ಊರೂರು ತಿರುಗಿದರು. ವಾರದ ರಜೆಯ ದಿನ ಸೈಕಲ್ ಮೋಟಾರು ಹತ್ತಿ ಮಂಗಸೂಳಿಗೆ, ಕಾಗವಾಡಕ್ಕೆ, ಅಥಣಿಗೆ. ಓಣಿಯ ಹುಡುಗಿಯರು ನಮ್ಮ ಕಟ್ಟೆಗೆ ಬಂದು ಫೋನು ಹಿಡಿದು ಯಾರದೋ ಲಗ್ನ ನೋಡಿ ನಗುತ್ತಿದ್ದರು. ನನ್ನ ಪಡಸಾಲೆಯ ತುಂಬ ಗುರುತಿಲ್ಲದ ಮಂದಿಯ ಅಕ್ಕಿಕಾಳು, ಗುರುತಿಲ್ಲದ ಮಂದಿಯ ಊಟದ ಸಾಲು.

"ನಿಮಗ ಮಂದಿ ಲಗ್ನ ನೋಡೂ ಚಟ ಯಾವಾಗಿಂದ ಹತ್ತಿತ್ರಿ? ನಾಚಿಕಿ ಬರೂದಿಲ್ಲ?" ಎಂದೆ.

"ಯಾಕ, ಊಟ ಛಲೋ ಇರ್ತೈತಿ," ಎಂದರು.

2017ರ ಜನವರಿಯಲ್ಲಿ, ಪಂಪ್ ಹೌಸಿನಲ್ಲಿ ಎದೆ ಹಿಡಿದುಕೊಂಡು ಕುಳಿತರು. ಮಿರಜದ ಆಸ್ಪತ್ರೆಗೆ ಒಯ್ಯುವಾಗ ಕಾಗವಾಡ ದಾಟುವುದರೊಳಗೆ ಹೋದರು. ಐವತ್ತು ಆಗಿರಲಿಲ್ಲ.

ಅತ್ತವರೆಲ್ಲ ಹೋದ ಮೇಲೆ ಡಬ್ಬಿ ಉಳಿಯಿತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ತಾನೇ ಎದ್ದು ಕೂಗುತ್ತಿತ್ತು. ಯಾರೂ ಮುಟ್ಟದೆ. ಅವರಿಗೆ ಬೇಕಾದದ್ದು ಹಾಗೆಯೇ ಅಲ್ಲವೇ. ಒಂದು ತಿಂಗಳು ತಡೆದೆ. ಲಗಮಣ್ಣ ಗುಜರಿಗೆ ಹಾಕುತ್ತೇನೆಂದು ಬಂದ. ಅವನ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಬಾಳಾಸಾಬನಿಗೆ ಫೋನು ಮಾಡಿಸಿದೆ.

ಅವನು ಬಂದು ಚಪ್ಪಲಿ ಬಿಟ್ಟು, ಗೋಡೆಯ ಮೇಲಿನ ಅವರ ಫೋಟೊಗೆ ಕೈ ಮುಗಿದು, ಡಬ್ಬಿಯ ಮುಂದೆ ಕುಳಿತ.

"ಇದನ್ನ ಒಯ್ರಿ ಬಾಳಾಸಾಬಣ್ಣ. ನನಗ ಇದರ ವಾಸನಿ ಬ್ಯಾಡ," ಎಂದೆ.

"ಒಯ್ತೀನಿ ವೈನಿ. ಮೊದಲ ಒಳಗ ಏನೈತಿ ನೋಡೂಣು."

"ಏನಿರ್ತೈತಿ? ಹಲ್ಲಿ ತತ್ತಿ."

ಅವನು ಡಬ್ಬಿ ಸರಿಸಿದ. ಹಿಂದೆ ಗೋಡೆಯ ಮಗ್ಗುಲಿಗೆ ಕಂಬಳಿಯ ಗಂಟು ಇತ್ತು. ಅದೇ. ಬಿಚ್ಚಿ ಡಿಸ್ಕನ್ನು ಅಂಗೈಯಲ್ಲಿ ಇಟ್ಟುಕೊಂಡ.

"ಇನ್ನೂ ಕಂಬಳ್ಯಾಗನ ಇಟ್ಟಾನ ನೋಡ್ರಿ. ಉಣ್ಣಿ ತಿಕ್ಕಿದ್ರ ಕಿಡಿ ಹೊಡೀತೈತಿ, ಡಿಸ್ಕಿಗೆ ಆಗೂದಿಲ್ಲೋ ಮಾರಾಯ ಅಂತ ನೂರ ಸಲ ಹೇಳೀನಿ. ನಾಕ ಸಲ ಇದನ್ನ ನನ್ನ ಅಂಗಡಿಗೆ ತಂದಿದ್ದ."

"ಸಾಫ್ಟವೇರ್ ಸರಿ ಇರಲಿಲ್ಲಂತ," ಎಂದೆ. ಆ ಮಾತು ಆಡಿದ ನನ್ನ ದನಿ ಎರಡು ವರ್ಷ ಕಳೆದರೂ ನನಗೆ ಕೇಳುತ್ತದೆ.

ಬಾಳಾಸಾಬ ನನ್ನ ಮುಖ ನೋಡಿದ. ಅವನಿಗೆ ಮುಚ್ಚಿಡಲು ಬರುವುದಿಲ್ಲ.

"ಯಾವ ಸಾಫ್ಟವೇರ್ ವೈನಿ? ಇದು ನೀರಾಗ ಬಿದ್ದದ್ದು. ಕಲ್ಲಿಗೆ ಬಡದದ್ದು. ಈ ಮೂಲಿ ನೋಡ್ರಿ. ಸ್ಕ್ರೂ ಎಲ್ಲಾ ತುಕ್ಕ ಹಿಡದಾವು."

"ಅವರಿಗೆ ಯಾವಾಗ ಗೊತ್ತಾತು?"

"ಮೊದಲನೇ ದಿನ. ಸೋಡಾ ವಾಸನಿ ಬರಾಕತ್ತೈತಿ, ದಸರಾದ ಒಗೆತನಕ್ಕ ಹೋಗಿತ್ತ ಅಂತ ಅಂವನ ಹೇಳಿದ."

"ಮತ್ತ ಐದ ವರ್ಷ ಏನ ಮಾಡಿದ್ರು?"

"ಪುಣೆಕ್ಕ ಕಳಸಿದ್ದಿವ್ರಿ. ಆಗೂದಿಲ್ಲಂತ ಮರಳಿ ಬಂತು. ವೈನಿಗೆ ಹೇಳಿಬಿಡೋ, ಯಾಕ ದಿನಾ ಬೈಸ್ಕೋತಿ ಅಂದೆ. ಬ್ಯಾಡ ಅಂದ. ಹೇಳಿದ್ರ, ತಮ್ಮ ಅವ್ವನ್ನ ತಾನ ಕಲ್ಲಿಗೆ ಬಡದೆ ಅಂತ ತಿಳೀತಾಳ. ಸಾಫ್ಟವೇರಿಗೆ ಬೈಲಿ ಬಿಡು, ಅದಕ್ಕೇನ ಆಗೂದಿಲ್ಲ ಅಂದ."

ನಾನು ಅಳಲಿಲ್ಲ. ಬಾಯಿ ಕಹಿಯಾಯಿತು. ಎದ್ದು ಹಿತ್ತಲಿಗೆ ಹೋಗಿ ಉಗುಳಿ ಬಂದೆ. ಬೈದಿದ್ದರೆ ಆಗುತ್ತಿತ್ತು. ಒಂದು ಏಟು ಹೊಡೆದಿದ್ದರೂ ಆಗುತ್ತಿತ್ತು, ಅವರು ಒಂದು ದಿನವೂ ಕೈ ಎತ್ತಿದವರಲ್ಲ. ನಾನು ಬಡಿದದ್ದು, ಸುಮ್ಮನಿದ್ದದ್ದು, ಮಂದಿಯ ಮುಂದೆ ಅವರನ್ನು ಬೈದದ್ದು. ಎಲ್ಲ ಗೊತ್ತಿದ್ದೂ ಅವರು ದಿನವೂ ನನ್ನ ಕೈಯ ರೊಟ್ಟಿ ತಿಂದರು. ಹಲ್ಲಿಯ ತತ್ತಿಗೂ ಇರುವೆಗೂ ಹೇಸಿದವಳು ನಾನು. ಆ ಮೂಲೆಯಲ್ಲಿ ನನಗಿಂತ ಹೊಲಸು ಏನೂ ಇರಲಿಲ್ಲ. ಅವರೂ ಹೇಳಲಿಲ್ಲ. ಅದಕ್ಕೆ ಅವರ ಮೇಲೂ ಹೇಸಿಗೆಯಿದೆ. ಸತ್ತರೂ ಹೋಗಿಲ್ಲ.

ಬಾಳಾಸಾಬ ಡಬ್ಬಿ ಚಾಲೂ ಮಾಡಿ ನನ್ನನ್ನು ಕರೆದ. "ವೈನಿ, ಇದೊಂದ ನೋಡಬೇಕ್ರಿ."

ಒಳಗೆ ಹೊಳೆವ್ವ ಎಂದು ಅವ್ವನ ಹೆಸರಿನ ಒಂದು ಜಾಗ ಇತ್ತು. ಅದರಲ್ಲಿ ಹನ್ನೊಂದು ತುಣುಕು ವಿಡಿಯೊ. ಹನ್ನೊಂದು ಊರಿನ ಲಗ್ನದ ಸಿಡಿಯಿಂದ ಕತ್ತರಿಸಿದ್ದು. ಆಗ ತಿಳಿಯಿತು ಅವರು ಯಾಕೆ ಊರೂರು ತಿರುಗಿದರೆಂದು. ಅವ್ವ ಎಲ್ಲೆಲ್ಲಿ ಅರಿಷಿಣ ಬೀಸಲು ಹೋಗಿದ್ದಳೋ ಆ ಮನೆಗಳನ್ನು ಹುಡುಕುತ್ತಿದ್ದರು.

ಮೊದಲನೆಯದನ್ನು ಒತ್ತಿದ. ಅವ್ವ ಕಲ್ಲಿನ ಮುಂದೆ ಕುಳಿತಿದ್ದಾಳೆ. ಹಸಿರು ಸೀರೆ. ಕೈ ತಿರುಗುತ್ತಿದೆ, ಬಾಯಿ ಆಡುತ್ತಿದೆ. ಕೇಳುವುದು ಸಿನೆಮಾದ ಹಾಡು. ಯಾರೋ ಗಂಡಸು ಕೊಳಲಿನ ಜೊತೆ ಹಾಡುತ್ತಿದ್ದಾನೆ. ವಿಡಿಯೊದವರು ಅವ್ವನ ದನಿ ತೆಗೆದು ಮೇಲೆ ಅದನ್ನು ಹಾಕಿದ್ದರು. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಅವ್ವನ ಸುತ್ತ ಗುಲಾಬಿ ಹೂವು ಬೇರೆ ತಿರುಗುತ್ತಿದ್ದವು. ಹನ್ನೊಂದೂ ನೋಡಿದೆ. ಒಂದರಲ್ಲೂ ಅವ್ವ ಇರಲಿಲ್ಲ. ಬಾಯಿ ಮಾತ್ರ ಇತ್ತು.

"ಬಂದ್ ಮಾಡ್ರಿ," ಎಂದೆ.

"ಒಯ್ಯಲೇನ್ರಿ ಡಬ್ಬಿ?"

"ಬ್ಯಾಡ. ಆ ನೋಟ್‌ಬುಕ್ ಕೊಡ್ರಿ."

ಅದರ ಹಿಂದಿನ ಹಾಳೆಗಳಲ್ಲಿ ಕನ್ನಡದಲ್ಲಿ ಬರೆದಿದ್ದರು. ನಾನು ಶಾಲೆ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ, ಬೆರಳಿಟ್ಟು ಓದಿದೆ. ಮಂಗಸೂಳಿ, ಮೇಲೆ ಹಾಡು ಹಾಕಿದ್ದಾರೆ. ಕಾಗವಾಡ, ಮೇಲೆ ಹಾಡು ಹಾಕಿದ್ದಾರೆ. ಕುಡಚಿ, ಮೇಲೆ ಹಾಡು ಹಾಕಿದ್ದಾರೆ. ಹೀಗೆ ಹನ್ನೊಂದು ಸಾಲು. ಹನ್ನೆರಡನೆಯದು ರಾಯಬಾಗ, ಅಕ್ಕುತಾಯಿಯ ಮನೆ, ಕಿರಾಣಿ ಅಂಗಡಿಯ ಹಿಂದೆ. ಅದರ ಮುಂದೆ ಏನೂ ಬರೆದಿರಲಿಲ್ಲ.

ಎರಡು ವರ್ಷ ಆ ಖಾಲಿ ಜಾಗ ನೋಡುತ್ತ ಕುಳಿತೆ. ಹೋದರೆ ಮುಗಿದುಹೋಗುತ್ತದೆ ಎಂದು ಹೋಗಲಿಲ್ಲ. ಈ ಸಲ ದಸರೆಯ ಒಗೆತನದಲ್ಲಿ, ಹೊಳೆಯಲ್ಲಿ, ಓಣಿಯ ಹೆಂಗಸರೆಲ್ಲ ಇರುವಾಗ ನಡೆದದ್ದನ್ನು ಹೇಳಿದೆ. ಸುಗಂಧಾ ಕೌದಿ ಹಿಂಡುತ್ತಿದ್ದವಳು ನಿಲ್ಲಿಸಿ, "ಈಗ ಯಾಕ ಬೇ ಅಕ್ಕಾ?" ಎಂದಳು. ಉಳಿದವರು ನನ್ನನ್ನು ನೋಡಿದ ರೀತಿ ಸರಿಯಾಗಿಯೇ ಇತ್ತು. ಮರುದಿನ ರಾಯಬಾಗದ ಬಸ್ಸು ಹತ್ತಿದೆ.

ಅಕ್ಕುತಾಯಿ ನನ್ನ ವಯಸ್ಸಿನವಳು. ಬಾಗಿಲಲ್ಲೇ ಗುರುತು ಹಿಡಿದಳು. "ಹೊಳೆವ್ವ ಆಯೀ ಮಗಳಲ್ಲಾ? ಬರ್ರಿ. ಆಕಿ ಹಾಡಿದ್ರ ಕಲ್ಲ ತಾನ ತಿರಗತಿತ್ತ್ರಿ."

ಟ್ರಂಕಿನ ತಳದಿಂದ ಸಿಡಿ ತೆಗೆದಳು. ಟಿವಿಗೆ ಹಾಕಿದಳು. ಅರಿಷಿಣದ ಭಾಗ ಬಂತು. ಅವ್ವ ಬಂದಳು. ಬಾಯಿ ತೆರೆದಳು. ಕೊಳಲು ಬಂತು.

"ಯಾಕ ಹಾಕಿಸಿದ್ರಿ ಇದನ್ನ?" ಎಂದು ಕೇಳಿದೆ.

"ನಾವ ಹೇಳಿಲ್ರಿ. ವಿಡಿಯೊದಾಂವ ಹಾಕ್ಯಾನ. ಛಲೋ ಆಗ್ತೈತಿ ಅಂದ. ಚಾ ಕುಡೀತೀರೇನು?"

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಮನೆಗೆ ಬಂದು ನೋಟ್‌ಬುಕ್ ತೆಗೆದು, ರಾಯಬಾಗದ ಮುಂದೆ, ಅವರು ಬರೆದ ಹಾಗೆಯೇ ಬರೆದೆ. ಮೇಲೆ ಹಾಡು ಹಾಕಿದ್ದಾರೆ. ಅದರ ಕೆಳಗೆ ಅಕ್ಕುತಾಯಿ ಹೇಳಿದ ಇನ್ನೊಂದು ಮನೆಯ ಹೆಸರು ಬರೆದು, ಮುಂದೆ ಜಾಗ ಬಿಟ್ಟೆ.